ಆಪ್-ಆಂಪ್ ಒಳಗೆ ರೇಡಿಯೋ: ಆಡಿಯೋ ಮಂಡಲದಲ್ಲಿ ವಿದ್ಯುತ್ಕಾಂತೀಯ ಅಡಚಣೆಯನ್ನು ಎಲ್ಲಿ ತಡೆಯಬೇಕು?

ಪ್ರಶ್ನೆ: ರೆಕಾರ್ಡ್ ಪ್ಲೇಯರ್‌ಗೆಂದು ಎನ್‌ಇ5532 ಆಪ್-ಆಂಪ್ (ಸಂಕೇತ ವರ್ಧಿಸುವ ಚಿಪ್) ಬಳಸಿ ಫೋನೋ ಪ್ರೀಆಂಪ್ಲಿಫೈಯರ್ (ಸೂಜಿಯ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಮೊದಲ ಹಂತ) ಕಟ್ಟಿದ್ದೇನೆ. ಅದರ ನಂತರ 10 ಕಿಲೋಓಮ್‌ನ ವಾಲ್ಯೂಮ್ ಕಂಟ್ರೋಲ್, ಆಮೇಲೆ ಹೆಡ್‌ಫೋನ್ ಹಂತ. ಮೊಬೈಲ್ ಹತ್ತಿರವಿದ್ದಾಗ ಹೆಡ್‌ಫೋನ್‌ನಲ್ಲಿ ‘ಟಿರ್‌ರ್, ಟಿರ್‌ರ್’ ಎಂಬ ಸದ್ದು ಬರುತ್ತದೆ. ಡೇಟಾಶೀಟ್ ಪ್ರಕಾರ ಈ ಚಿಪ್‌ನ ಸಿಎಂಆರ್‌ಆರ್ (ಎರಡೂ ಇನ್‌ಪುಟ್‌ಗೆ ಒಟ್ಟಿಗೆ ಬರುವ ಅಡಚಣೆಯನ್ನು ತಳ್ಳಿಹಾಕುವ ಸಾಮರ್ಥ್ಯ) 100 ಡೆಸಿಬೆಲ್, ಆದರೂ ಹೀಗೇಕೆ? ಹೊಸ ಆಪ್-ಆಂಪ್‌ಗಳ ಡೇಟಾಶೀಟ್‌ಗಳಲ್ಲಿ ಇಎಂಐಆರ್‌ಆರ್ (ವಿದ್ಯುತ್ಕಾಂತೀಯ ಅಡಚಣೆಯನ್ನು ತಡೆಯುವ ಸಾಮರ್ಥ್ಯದ ಅಳತೆ) ಎಂಬ ಅಂಕಿ ಕಾಣುತ್ತದೆ. ಅದು ಹೆಚ್ಚಿರುವ ಚಿಪ್ ಹಾಕಿದರೆ ತೊಂದರೆ ನಿಲ್ಲುತ್ತದೆಯೇ?

ಉತ್ತರ: ಕಡಿಮೆಯಾಗಬಹುದು, ಆದರೆ ಚಿಪ್ ಬದಲಿಸುವುದು ನೀವು ಮಾಡಬೇಕಾದ ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ. ರೇಡಿಯೋ ಆವರ್ತನದ ವೋಲ್ಟೇಜ್ ಆಪ್-ಆಂಪ್‌ನ ಮೊದಲ ಟ್ರಾನ್ಸಿಸ್ಟರನ್ನು ಮುಟ್ಟುವ ಮುನ್ನವೇ ಅದನ್ನು ತಡೆಯಬೇಕು. ಅಲ್ಲಿ ಒಮ್ಮೆ ಅದು ಶ್ರಾವ್ಯ ಸಂಕೇತವಾಗಿ ಮಾರ್ಪಟ್ಟಿತೆಂದರೆ, ಮುಂದಿನ ಯಾವ ಫಿಲ್ಟರ್‌ಗೂ, ಎಷ್ಟೇ ಫೀಡ್‌ಬ್ಯಾಕ್‌ಗೂ (ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸಿ ತಪ್ಪು ತಿದ್ದುವ ಕ್ರಮ) ಅದನ್ನು ಸಂಗೀತದಿಂದ ಬೇರ್ಪಡಿಸಲು ಸಾಧ್ಯವಿಲ್ಲ. ಹಾಗೆ ಮುಂಚೆಯೇ ತಡೆಯುವುದರಿಂದ ಸಿಗುವ ಲಾಭ ಎಷ್ಟು ದೊಡ್ಡದು ಎಂಬುದನ್ನು ಇಎಂಐಆರ್‌ಆರ್‌ನ ಲೆಕ್ಕವೇ ತೋರಿಸಿಕೊಡುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಸದ್ದು ಹುಟ್ಟುವ ಬಗೆಯನ್ನು ನೋಡೋಣ. 900 ಮೆಗಾಹರ್ಟ್ಸ್ ನಮ್ಮ ಕಿವಿಗೆ ಕೇಳುವುದಿಲ್ಲ, ನಿಮ್ಮ ಆಪ್-ಆಂಪ್‌ಗೂ ಅದನ್ನು ವರ್ಧಿಸುವ ಶಕ್ತಿಯಿಲ್ಲ. ಆದರೆ ಜಿಎಸ್‌ಎಂ, ಅಂದರೆ 2ಜಿ, ಫೋನ್ ಎಡೆಬಿಡದೆ ಪ್ರಸಾರ ಮಾಡುವುದಿಲ್ಲ. ಸುಮಾರು 4.6 ಮಿಲಿಸೆಕೆಂಡಿನ ಒಂದು ಫ್ರೇಮ್‌ನಲ್ಲಿ ಎಂಟು ಪಾಳಿಗಳಿದ್ದು, ಫೋನ್ ತನ್ನ ಪಾಳಿ ಬಂದಾಗ ಮಾತ್ರ, ಅಂದರೆ ಸುಮಾರು 577 ಮೈಕ್ರೋಸೆಕೆಂಡಿನಷ್ಟು ಕಾಲ, ಪ್ರಸಾರ ಮಾಡಿ ಸುಮ್ಮನಾಗುತ್ತದೆ. ಹೀಗೆ ಹತ್ತಿ ಆರುವ ಕ್ರಿಯೆ ಸೆಕೆಂಡಿಗೆ ಸುಮಾರು 217 ಬಾರಿ ನಡೆಯುತ್ತದೆ. ನಿಮಗೆ ಕೇಳುತ್ತಿರುವುದು ಈ 217 ಹರ್ಟ್ಸ್ ಮತ್ತು ಅದರ ಗುಣಕಗಳೇ. ಅಡಚಣೆಯ ಮೂಲವನ್ನು ಸದ್ದಿನಿಂದಲೇ ಊಹಿಸಲು ಇದು ನೆರವಾಗುತ್ತದೆ: ಡೆಕ್ಟ್ ಮಾದರಿಯ ತಂತಿರಹಿತ ದೂರವಾಣಿಯ ಫ್ರೇಮ್ 10 ಮಿಲಿಸೆಕೆಂಡಿನದಾದ್ದರಿಂದ ಅದು 100 ಹರ್ಟ್ಸ್‌ನ ಗುಂಯ್‌ಗುಡುವಿಕೆಯಾಗಿ ಕೇಳುತ್ತದೆ, ವೈ-ಫೈ ರೂಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕಳಿಸುವುದರಿಂದ ಸೆಕೆಂಡಿಗೆ ಹತ್ತರಂತೆ ಟಿಕ್ ಟಿಕ್ ಎನ್ನುತ್ತದೆ.

ರೇಡಿಯೋ ತರಂಗದ ಈ ಏರಿಳಿತವನ್ನು ಶ್ರಾವ್ಯ ವೋಲ್ಟೇಜ್ ಆಗಿ ಮಾರ್ಪಡಿಸುವುದು ಆಪ್-ಆಂಪ್‌ನ ಇನ್‌ಪುಟ್ ಟ್ರಾನ್ಸಿಸ್ಟರ್. ಬೈಪೋಲಾರ್ ಟ್ರಾನ್ಸಿಸ್ಟರಿನ ಕಲೆಕ್ಟರ್ ಪ್ರವಾಹವು ಬೇಸ್-ಎಮಿಟರ್ ವೋಲ್ಟೇಜಿಗೆ ತಕ್ಕಂತೆ ಘಾತೀಯವಾಗಿ ಏರುತ್ತದೆ. ಅದರ ಅಳತೆಗೋಲು ಕೋಣೆಯ ಉಷ್ಣತೆಯಲ್ಲಿ ಸುಮಾರು 26 ಮಿಲಿವೋಲ್ಟ್. ಸಂಧಿಯ ಮೇಲೆ ಒಂದು ಸೈನ್ ತರಂಗ ಬಿದ್ದರೆ, ಧನ ಅರ್ಧಚಕ್ರದಲ್ಲಿ ಹೆಚ್ಚುವ ಪ್ರವಾಹವು ಋಣ ಅರ್ಧಚಕ್ರದಲ್ಲಿ ಕುಗ್ಗುವ ಪ್ರವಾಹಕ್ಕಿಂತ ಜಾಸ್ತಿಯಿರುತ್ತದೆ. ಹೀಗಾಗಿ ಸರಾಸರಿ ಪ್ರವಾಹವೇ ಸ್ವಲ್ಪ ಮೇಲೇರುತ್ತದೆ. ಆ ಏರಿಕೆಯ ಪ್ರಮಾಣ, ತರಂಗದ ಶೃಂಗ ವೋಲ್ಟೇಜನ್ನು 26 ಮಿಲಿವೋಲ್ಟಿನಿಂದ ಭಾಗಿಸಿ, ವರ್ಗ ಮಾಡಿ, ನಾಲ್ಕರಿಂದ ಭಾಗಿಸಿದಷ್ಟು. ಬರೀ 10 ಮಿಲಿವೋಲ್ಟ್ ಶೃಂಗದ ರೇಡಿಯೋ ತರಂಗ ಸಂಧಿಯ ಮೇಲೆ ಬಿದ್ದರೆ ಸರಾಸರಿ ಪ್ರವಾಹ ಶೇಕಡಾ 4ರಷ್ಟು ಹೆಚ್ಚುತ್ತದೆ. ಜೋಡಿಯ ಒಂದೇ ಟ್ರಾನ್ಸಿಸ್ಟರಿಗೆ ಹೀಗಾದರೆ, ಅದು ಇನ್‌ಪುಟ್‌ನಲ್ಲಿ ಸುಮಾರು 1 ಮಿಲಿವೋಲ್ಟ್ ಆಫ್‌ಸೆಟ್ (ಸಂಕೇತವಿಲ್ಲದೆಯೂ ಇರುವ ಹೆಚ್ಚುವರಿ ವೋಲ್ಟೇಜ್) ಬಂದಂತೆಯೇ. ನಿಮ್ಮ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ರೆಕಾರ್ಡ್ ಓದುವ ಸೂಜಿಯ ಘಟಕ) ಕೊಡುವುದೇ ಸುಮಾರು 5 ಮಿಲಿವೋಲ್ಟ್ ಎಂಬುದನ್ನು ನೆನಪಿಟ್ಟುಕೊಂಡರೆ ಪ್ರಕರಣದ ಗಾಂಭೀರ್ಯ ಅರಿವಾಗುತ್ತದೆ. ವಾಸ್ತವದಲ್ಲಿ ಚಿಪ್‌ನ ಒಳಗಿನ ರೋಧ ಮತ್ತು ಕೆಪಾಸಿಟೆನ್ಸ್‌ಗಳು ಒಂದಷ್ಟನ್ನು ತಿಂದುಹಾಕುವುದರಿಂದ, ಪಿನ್‌ಗೆ ಬಂದದ್ದೆಲ್ಲವೂ ಸಂಧಿಯನ್ನು ತಲುಪುವುದಿಲ್ಲ.

ಇನ್‌ಪುಟ್‌ನಲ್ಲಿರುವುದು ಸಮತೋಲಿತ ಡಿಫರೆನ್ಷಿಯಲ್ ಜೋಡಿಯಲ್ಲವೇ, ಎರಡೂ ಬದಿಯ ಏರಿಕೆ ಒಂದನ್ನೊಂದು ರದ್ದು ಮಾಡಬೇಕಲ್ಲವೇ ಎಂದು ನೀವು ಕೇಳಬಹುದು. ಕಾಗದದ ಮೇಲೆ ಅದು ನಿಜ. ಆದರೆ ರೇಡಿಯೋ ಆವರ್ತನದಲ್ಲಿ ಎರಡು ಎಮಿಟರ್‌ಗಳು ಕೂಡುವ ಬಿಂದುವು ಅಲ್ಲಿನ ಕೆಪಾಸಿಟೆನ್ಸ್‌ನಿಂದಾಗಿ ಹೆಚ್ಚುಕಡಿಮೆ ನೆಲಕ್ಕೆ ಕಟ್ಟಿಹಾಕಿದಂತಿರುತ್ತದೆ. ಆಗ ಧನ ಇನ್‌ಪುಟ್‌ಗೆ ಬಂದ ತರಂಗ ಬಹುಪಾಲು ಆ ಬದಿಯ ಟ್ರಾನ್ಸಿಸ್ಟರಿನ ಮೇಲೆಯೇ ಬೀಳುತ್ತದೆ, ಇನ್ನೊಂದು ಬದಿಗೆ ಅದರ ಸುಳಿವೂ ಸಿಗುವುದಿಲ್ಲ. ಎರಡೂ ಪಿನ್‌ಗಳಿಗೆ ತರಂಗ ತಲುಪಿದರೂ ಅವುಗಳ ಸುತ್ತಲಿನ ಬಿಡಿಭಾಗಗಳು ಬೇರೆಬೇರೆಯಾದ್ದರಿಂದ ಪ್ರಮಾಣದಲ್ಲಿಯೂ ಏರಿಳಿತದ ಸಮಯದಲ್ಲಿಯೂ (ಫೇಸ್) ವ್ಯತ್ಯಾಸ ಇದ್ದೇ ಇರುತ್ತದೆ. ತರಂಗ ಇನ್ನೂ ಪ್ರಬಲವಾದರೆ ಜೋಡಿಯೇ ಮಿತಿ ಮುಟ್ಟುತ್ತದೆ. ಆಗ ಏರುವ ಮತ್ತು ಇಳಿಯುವ ಸ್ಲ್ಯೂ ವೇಗಗಳ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ನಡುವಿನ ಅಂತರವೂ ಆಫ್‌ಸೆಟ್ ಆಗಿ ಸೇರಿಕೊಳ್ಳುತ್ತದೆ.

ಈಗ ನಿಮ್ಮ 100 ಡೆಸಿಬೆಲ್‌ನ ವಿಚಾರ. ಸಿಎಂಆರ್‌ಆರ್, ಪಿಎಸ್‌ಆರ್‌ಆರ್ (ವಿದ್ಯುತ್ ಪೂರೈಕೆಯ ಏರಿಳಿತವನ್ನು ತಳ್ಳಿಹಾಕುವ ಸಾಮರ್ಥ್ಯ), ವಿರೂಪತೆಯ ಶೇಕಡಾವಾರು ಇವೆಲ್ಲ ನೇರ ಪ್ರವಾಹದಲ್ಲೋ ಶ್ರಾವ್ಯ ವ್ಯಾಪ್ತಿಯಲ್ಲೋ ಅಳೆದ ಅಂಕಿಗಳು. ಆವರ್ತನ ಏರಿದಂತೆ ಸಿಎಂಆರ್‌ಆರ್ ಕುಸಿಯುತ್ತದೆ. ಎನ್‌ಇ5532ರ ಗೇನ್-ಬ್ಯಾಂಡ್‌ವಿಡ್ತ್ ಗುಣಲಬ್ಧ (ವರ್ಧನೆ ಮುಗಿದುಹೋಗುವ ಆವರ್ತನ) ಸುಮಾರು 10 ಮೆಗಾಹರ್ಟ್ಸ್, 900 ಮೆಗಾಹರ್ಟ್ಸ್‌ನಲ್ಲಿ ಅಂತಹ ಯಾವ ಗುಣವೂ ಉಳಿದಿರುವುದಿಲ್ಲ. ಫೀಡ್‌ಬ್ಯಾಕ್ ಕೂಡ ನೆರವಿಗೆ ಬರುವುದಿಲ್ಲ, ಏಕೆಂದರೆ ಆ ಆವರ್ತನದಲ್ಲಿ ಲೂಪ್ ಗೇನ್ (ತಪ್ಪು ತಿದ್ದಲು ಬೇಕಾದ ವರ್ಧನೆ) ಎಂಬುದೇ ಇಲ್ಲ. ಇನ್ನು ರೆಕ್ಟಿಫೈ ಆಗಿ (ಮೇಲೆ ಹೇಳಿದಂತೆ ತರಂಗದ ಸರಾಸರಿ ಏರಿ) ಹುಟ್ಟಿದ 217 ಹರ್ಟ್ಸ್‌ನ ಆಫ್‌ಸೆಟ್ಟನ್ನು ಫೀಡ್‌ಬ್ಯಾಕ್ ನಿಜವಾದ ಇನ್‌ಪುಟ್ ಸಂಕೇತವೆಂದೇ ಭಾವಿಸಿ, ಮಂಡಲದ ನಾಯ್ಸ್ ಗೇನ್ (ಇನ್‌ಪುಟ್‌ನ ತಪ್ಪಿಗೆ ಸಿಗುವ ವರ್ಧನೆ) ಎಷ್ಟಿದೆಯೋ ಅಷ್ಟು ಪಟ್ಟು, ಒಂದಿಷ್ಟೂ ಲೋಪವಿಲ್ಲದೆ ವರ್ಧಿಸಿ ಹೊರಗೆ ಕಳಿಸುತ್ತದೆ. ನಿಮ್ಮ ಫೋನೋ ಹಂತದಲ್ಲಿ 1 ಕಿಲೋಹರ್ಟ್ಸ್‌ಗೆ 40 ಡೆಸಿಬೆಲ್ ವರ್ಧನೆ ಇದ್ದರೆ, ಆರ್‌ಐಎಎ ತಿದ್ದುಪಡಿಯಿಂದಾಗಿ (ರೆಕಾರ್ಡಿನಲ್ಲಿ ತಗ್ಗಿಸಿದ ಮಂದ್ರ ಸ್ವರಗಳನ್ನು ಮರಳಿ ಎತ್ತುವುದು) 217 ಹರ್ಟ್ಸ್‌ನಲ್ಲಿ ಇನ್ನೂ ಏಳೆಂಟು ಡೆಸಿಬೆಲ್ ಹೆಚ್ಚಿರುತ್ತದೆ. ಅಡಚಣೆ ಹುಟ್ಟಲು ಇದಕ್ಕಿಂತ ಕೆಟ್ಟ ಜಾಗ ಆಡಿಯೋ ಸಾಧನದಲ್ಲಿ ಬೇರೊಂದಿಲ್ಲ.

ಇಎಂಐಆರ್‌ಆರ್ ಎಂಬ ಅಂಕಿ ರೂಪುಗೊಂಡಿದ್ದು ಈ ಕೊರತೆಯನ್ನು ತುಂಬಲೆಂದು. 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ವಿಲೀನವಾದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ, ಅದಕ್ಕೂ ಕೆಲವು ವರ್ಷ ಮೊದಲು ಅಡಚಣೆ ತಡೆಯುವ ತನ್ನ ಆಪ್-ಆಂಪ್‌ಗಳ ಜೊತೆಗೆ ಈ ಅಳತೆಯನ್ನು ಬಳಕೆಗೆ ತಂದಿತು. ಆಪ್-ಆಂಪನ್ನು ಯೂನಿಟಿ ಗೇನ್ ಬಫರ್ ಆಗಿ (ಬಂದದ್ದನ್ನು ವರ್ಧಿಸದೆ ಹಾಗೇ ಕೊಡುವಂತೆ) ಜೋಡಿಸಿ, ಧನ ಇನ್‌ಪುಟ್‌ಗೆ ಗೊತ್ತಾದ ಪ್ರಮಾಣದ ರೇಡಿಯೋ ತರಂಗ ಕೊಟ್ಟು, ಆಫ್‌ಸೆಟ್ ಎಷ್ಟು ಸರಿಯಿತು ಎಂದು ಅಳೆಯುತ್ತಾರೆ. ರೆಕ್ಟಿಫೈ ಆಗುವ ವೋಲ್ಟೇಜ್ ತರಂಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಹೆಚ್ಚು ಕೊಟ್ಟು ಅಳೆದವರ ಅಂಕಿ ಒಂದು, ಕಡಿಮೆ ಕೊಟ್ಟವರದು ಇನ್ನೊಂದು ಆಗದಿರಲೆಂದು, ಎಲ್ಲವನ್ನೂ 100 ಮಿಲಿವೋಲ್ಟ್ ಶೃಂಗದ ತರಂಗಕ್ಕೆ ಹೊಂದಿಸಿ ಡೆಸಿಬೆಲ್‌ನಲ್ಲಿ ಬರೆಯುತ್ತಾರೆ. ಹೀಗಾಗಿ 60 ಡೆಸಿಬೆಲ್ ಎಂದರೆ, ಪಿನ್ ಮೇಲೆ 100 ಮಿಲಿವೋಲ್ಟ್ ಬಿದ್ದಾಗ ಆಫ್‌ಸೆಟ್ 100 ಮೈಕ್ರೋವೋಲ್ಟ್ ಸರಿಯುತ್ತದೆ ಎಂದರ್ಥ. 40 ಡೆಸಿಬೆಲ್ ಇದ್ದರೆ 1 ಮಿಲಿವೋಲ್ಟ್, 90 ಇದ್ದರೆ 3 ಮೈಕ್ರೋವೋಲ್ಟಿಗಿಂತ ತುಸು ಹೆಚ್ಚು.

ಇದನ್ನು ನಿಮ್ಮ ಮಂಡಲಕ್ಕೆ ಅನ್ವಯಿಸಿ ನೋಡಿ. ಪಿನ್ ಮೇಲೆ 100 ಮಿಲಿವೋಲ್ಟ್ ಬಂದಿದೆ, ಚಿಪ್‌ನ ಇಎಂಐಆರ್‌ಆರ್ 60 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. 5 ಮಿಲಿವೋಲ್ಟಿನ ಸಂಗೀತದ ಪಕ್ಕದಲ್ಲಿ 100 ಮೈಕ್ರೋವೋಲ್ಟಿನ ಸದ್ದು, ಅಂದರೆ ಕೇವಲ 34 ಡೆಸಿಬೆಲ್ ಕೆಳಗೆ. ಸ್ಪಷ್ಟವಾಗಿ ಕೇಳುತ್ತದೆ. ಇದರ ಬದಲು 90 ಡೆಸಿಬೆಲ್‌ನ ಚಿಪ್ ಹಾಕಿದರೆ ಸದ್ದು 64 ಡೆಸಿಬೆಲ್ ಕೆಳಗಿಳಿಯುತ್ತದೆ, ಒಳ್ಳೆಯದೇ. ಈಗ ಹಳೆಯ ಚಿಪ್ಪನ್ನೇ ಉಳಿಸಿಕೊಂಡು, ಪಿನ್‌ಗೆ ಬರುವ ರೇಡಿಯೋ ತರಂಗವನ್ನು 20 ಡೆಸಿಬೆಲ್ ತಗ್ಗಿಸುವ ಒಂದು ಸಾಧಾರಣ ಫಿಲ್ಟರ್ ಹಾಕಿದೆವೆನ್ನಿ. ತರಂಗ 10 ಮಿಲಿವೋಲ್ಟಿಗೆ ಇಳಿಯುತ್ತದೆ, ವರ್ಗದ ನಿಯಮದಂತೆ ಆಫ್‌ಸೆಟ್ ನೂರರಲ್ಲೊಂದು ಪಾಲಾಗಿ 1 ಮೈಕ್ರೋವೋಲ್ಟಿಗೆ ಬರುತ್ತದೆ, ಸದ್ದು 74 ಡೆಸಿಬೆಲ್ ಕೆಳಗೆ ಹೋಗುತ್ತದೆ. ಮುಂಚೆಯೇ ತಡೆದ ಪ್ರತಿಯೊಂದು ಡೆಸಿಬೆಲ್‌ಗೂ ಕಿವಿಯಲ್ಲಿ ಎರಡು ಡೆಸಿಬೆಲ್ ಲಾಭ. ಒಂದು ಫೆರೈಟ್ ಬೀಡ್ (ರೇಡಿಯೋ ಆವರ್ತನಕ್ಕೆ ತಡೆಯೊಡ್ಡುವ ಪುಟ್ಟ ಕಾಂತೀಯ ಮಣಿ) ಮತ್ತು ಒಂದು ಸಣ್ಣ ಕೆಪಾಸಿಟರ್ ಮಾಡುವ ಈ ಕೆಲಸವನ್ನು 90 ಡೆಸಿಬೆಲ್‌ನ ಆ ಚಿಪ್ ಕೂಡ ಒಂಟಿಯಾಗಿ ಮಾಡಲಾರದು. ನಾನು ಚಿಪ್ಪನ್ನು ಕೊನೆಗೆ ಇಡುವುದು ಈ ಕಾರಣಕ್ಕೆ.

ಡೇಟಾಶೀಟ್‌ನ ಆ ಅಂಕಿಯನ್ನು ಓದುವಾಗ ಇನ್ನೂ ಎರಡು ಎಚ್ಚರಗಳು ಬೇಕು. ಮೊದಲನೆಯದಾಗಿ, ಅದು ಸಾಮಾನ್ಯವಾಗಿ ಧನ ಇನ್‌ಪುಟ್ ಪಿನ್ ಒಂದರ ಅಳತೆ. ಔಟ್‌ಪುಟ್ ಅಥವಾ ವಿದ್ಯುತ್ ಪೂರೈಕೆಯ ಪಿನ್‌ನಿಂದ ಬರುವ ತರಂಗದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎರಡನೆಯದಾಗಿ, ಚಿಪ್ ಒಳಗಿನ ಫಿಲ್ಟರ್‌ನಲ್ಲಿರುವುದು ಪುಟ್ಟ ರೋಧ ಮತ್ತು ಕೆಲವೇ ಪಿಕೋಫ್ಯಾರಡ್‌ಗಳು. ಅದು ನೂರಾರು ಮೆಗಾಹರ್ಟ್ಸ್‌ನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಧ್ಯಮ ತರಂಗ, ಕಿರುತರಂಗ, 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್ ಇಂಥವುಗಳ ಮುಂದೆ ಹೆಚ್ಚೇನೂ ಮಾಡಲಾರದು. 1800 ಮೆಗಾಹರ್ಟ್ಸ್‌ನ ಒಂದೇ ಅಂಕಿಯನ್ನು ನೋಡಿ ತೀರ್ಮಾನಿಸದೆ, 10 ಮೆಗಾಹರ್ಟ್ಸ್‌ನಿಂದ ಶುರುವಾಗುವ ಪೂರ್ತಿ ರೇಖಾಚಿತ್ರವನ್ನು ನೋಡಬೇಕು.

ಪರಿಹಾರಕ್ಕೆ ಕೈಹಾಕುವ ಮುನ್ನ ತರಂಗ ಯಾವ ದಾರಿಯಿಂದ ಬರುತ್ತಿದೆ ಎಂದು ಪತ್ತೆ ಮಾಡಿ. ವಾಲ್ಯೂಮ್ ತಿರುಗಿಸಿದಾಗ ಸದ್ದೂ ಏರಿಳಿದರೆ ಅದು ಕಂಟ್ರೋಲ್‌ಗಿಂತ ಹಿಂದೆ, ಅಂದರೆ ಫೋನೋ ಹಂತದಲ್ಲಿ ಹುಟ್ಟುತ್ತಿದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಸದ್ದು ಹಾಗೇ ಇದ್ದರೆ ಹೆಡ್‌ಫೋನ್ ಹಂತದಲ್ಲಿ ಹುಟ್ಟುತ್ತಿದೆ, ಬಹುಶಃ ಹೆಡ್‌ಫೋನ್ ತಂತಿಯೇ ಆಂಟೆನಾ. ಮೊದಲನೆಯ ಸಂದರ್ಭದಲ್ಲಿ, ರೆಕಾರ್ಡ್ ಪ್ಲೇಯರ್‌ನ ಕೇಬಲ್ ಕಿತ್ತು, ಒಳಗೇ ಶಾರ್ಟ್ ಮಾಡಿದ ಪ್ಲಗ್ಗನ್ನು ಇನ್‌ಪುಟ್ ಜ್ಯಾಕ್‌ಗೆ ಹಾಕಿ. ಸದ್ದು ನಿಂತರೆ ಕೇಬಲ್‌ನಿಂದ ಬರುತ್ತಿತ್ತು. ನಿಲ್ಲದಿದ್ದರೆ ಪೆಟ್ಟಿಗೆಯ ಒಳಗಿನ ತಂತಿಗಳನ್ನೂ ಬೋರ್ಡಿನ ಟ್ರ್ಯಾಕ್‌ಗಳನ್ನೂ ಸಂಶಯಿಸಬೇಕು. 900 ಮೆಗಾಹರ್ಟ್ಸ್‌ಗೆ ಕಾಲು ತರಂಗದೂರ ಸುಮಾರು 8 ಸೆಂಟಿಮೀಟರ್, 2.4 ಗಿಗಾಹರ್ಟ್ಸ್‌ಗೆ ಸುಮಾರು 3. ಜ್ಯಾಕ್‌ನಿಂದ ಬೋರ್ಡಿಗೆ ಎಳೆದ ಗೇಣುದ್ದದ ತಂತಿಯೂ ಒಳ್ಳೆಯ ಆಂಟೆನಾ ಆಗುತ್ತದೆ. ಜಿಎಸ್‌ಎಂ ಫೋನ್ 900 ಮೆಗಾಹರ್ಟ್ಸ್‌ನಲ್ಲಿ ತನ್ನ ಪಾಳಿಯಲ್ಲಿ 2 ವ್ಯಾಟ್‌ವರೆಗೆ ಪ್ರಸಾರ ಮಾಡಬಲ್ಲದು. ಆದರ್ಶ ಡೈಪೋಲ್ ಆಂಟೆನಾದಿಂದಾದರೆ ಒಂದು ಮೀಟರ್ ದೂರದಲ್ಲಿ ಇದು ಮೀಟರಿಗೆ ಸುಮಾರು 10 ವೋಲ್ಟ್ ಕ್ಷೇತ್ರವಾಗುತ್ತದೆ; ಐಇಸಿ 61000-4-3 ವಿಧಾನದಂತೆ ಮನೆಬಳಕೆಯ ಸಾಧನಗಳನ್ನು ಪರೀಕ್ಷಿಸುವುದು ಸಾಮಾನ್ಯವಾಗಿ ಮೀಟರಿಗೆ 3 ವೋಲ್ಟಿನಲ್ಲಿ. ಫೋನನ್ನು ಪೆಟ್ಟಿಗೆಯ ಮೇಲೆಯೇ ಇಟ್ಟರೆ ಏನಾಗಬಹುದೆಂದು ಇದರಿಂದ ಅಂದಾಜು ಮಾಡಿಕೊಳ್ಳಬಹುದು.

ಫೋನೋ ಇನ್‌ಪುಟ್‌ನ ಫಿಲ್ಟರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಲೈನ್ ಇನ್‌ಪುಟ್‌ಗೆಂದು ಪುಸ್ತಕಗಳಲ್ಲಿ ಕಾಣುವ 100 ಓಮ್ ಮತ್ತು 1 ನ್ಯಾನೋಫ್ಯಾರಡ್‌ನ ಜೋಡಿ 1.6 ಮೆಗಾಹರ್ಟ್ಸ್‌ನಿಂದ ಮೇಲಿನದನ್ನು ಕತ್ತರಿಸುತ್ತದೆ, ಶ್ರಾವ್ಯ ವ್ಯಾಪ್ತಿಯನ್ನು ಮುಟ್ಟುವುದೂ ಇಲ್ಲ. ಆದರೆ ಅದನ್ನೇ ಫೋನೋ ಇನ್‌ಪುಟ್‌ಗೆ ಹಾಕಿದರೆ ಸಂಗೀತ ಕೆಡುತ್ತದೆ, ಏಕೆಂದರೆ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಬರೀ ರೋಧವಲ್ಲ, ಅದರಲ್ಲಿ ದೊಡ್ಡ ಇಂಡಕ್ಟೆನ್ಸ್ ಇದೆ. 500 ಮಿಲಿಹೆನ್ರಿಯ ಕಾರ್ಟ್ರಿಜ್ ಮತ್ತು ಕೇಬಲ್‌ನ 200 ಪಿಕೋಫ್ಯಾರಡ್ ಸೇರಿ 16 ಕಿಲೋಹರ್ಟ್ಸ್ ಸುಮಾರಿಗೆ ಅನುರಣಿಸುತ್ತವೆ. ಕಾರ್ಟ್ರಿಜ್ ವಿನ್ಯಾಸಕಾರರು 47 ಕಿಲೋಓಮ್ ಲೋಡ್ ಜೊತೆಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಅದಕ್ಕೆ 1 ನ್ಯಾನೋಫ್ಯಾರಡ್ ಕೂಡಿಸಿದರೆ ಅನುರಣನ ಸುಮಾರು 6.5 ಕಿಲೋಹರ್ಟ್ಸ್‌ಗೆ ಇಳಿದು, ಅಲ್ಲಿಂದಾಚೆಗಿನ ಸ್ವರಗಳೆಲ್ಲ ಮಂಕಾಗುತ್ತವೆ. ಆದ್ದರಿಂದ ಇಲ್ಲಿ 47ರಿಂದ 100 ಪಿಕೋಫ್ಯಾರಡ್ ಸಾಕು, ಅದನ್ನೂ ಕಾರ್ಟ್ರಿಜ್ ತಯಾರಕರು ಹೇಳಿದ ಒಟ್ಟು ಕೆಪಾಸಿಟೆನ್ಸ್‌ನ ಲೆಕ್ಕದೊಳಗೇ ತರಬೇಕು. ಕೆಪಾಸಿಟರಿಗೆ ಮೊದಲು ಸರಣಿಯಲ್ಲಿ ಒಂದು ಫೆರೈಟ್ ಬೀಡ್ ಹಾಕಿ. ಶ್ರಾವ್ಯ ವ್ಯಾಪ್ತಿಯಲ್ಲಿ ಅದರ ರೋಧ ಓಮ್‌ನ ಆಸುಪಾಸಿನಲ್ಲಿರುವುದರಿಂದ ನಾಯ್ಸ್ ಹೆಚ್ಚುವುದಿಲ್ಲ, ಈ ದಾರಿಯಲ್ಲಿ ಹರಿಯುವ ಪ್ರವಾಹ ತೀರಾ ಅತ್ಯಲ್ಪವಾದ್ದರಿಂದ ಫೆರೈಟ್‌ನಿಂದ ವಿರೂಪತೆಯ ಭಯವೂ ಇಲ್ಲ. ಬೀಡ್ ಬದಲು 100 ಓಮ್ ರೆಸಿಸ್ಟರ್ ಹಾಕಿದರೂ ನಷ್ಟ ಅಲ್ಪ: ಅದರ ನಾಯ್ಸ್ ಹರ್ಟ್ಸ್‌ನ ವರ್ಗಮೂಲಕ್ಕೆ 1.3 ನ್ಯಾನೋವೋಲ್ಟ್, ಎನ್‌ಇ5532ರದೇ 5 ನ್ಯಾನೋವೋಲ್ಟ್. ಎರಡೂ ಕೂಡಿದಾಗ ಹೆಚ್ಚುವುದು ಕಾಲು ಡೆಸಿಬೆಲ್‌ನ ಆಸುಪಾಸು.

ಕೆಪಾಸಿಟರ್ ಎಂಥದ್ದು, ಎಲ್ಲಿ, ಹೇಗೆ ಕೂತಿದೆ ಎಂಬುದು ಅದರ ಮೇಲೆ ಬರೆದ ಅಂಕಿಗಿಂತ ಮುಖ್ಯ. ಉದ್ದ ಕಾಲುಗಳ 1 ನ್ಯಾನೋಫ್ಯಾರಡ್ ಡಿಸ್ಕ್ ಕೆಪಾಸಿಟರಿನ ಎರಡೂ ಕಾಲು ಸೇರಿ ಸುಮಾರು ಒಂದು ಸೆಂಟಿಮೀಟರ್ ಉಳಿದಿದ್ದರೆ, ಅವುಗಳ ಇಂಡಕ್ಟೆನ್ಸ್ 10 ನ್ಯಾನೋಹೆನ್ರಿಯ ಹತ್ತಿರ ಬರುತ್ತದೆ. ಆ ಕೆಪಾಸಿಟರ್ 50 ಮೆಗಾಹರ್ಟ್ಸ್‌ನಲ್ಲೇ ಅನುರಣಿಸಿ, ಅಲ್ಲಿಂದ ಮೇಲೆ ಇಂಡಕ್ಟರ್ ಆಗಿಬಿಡುತ್ತದೆ. 900 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 56 ಓಮ್, ಅಂದರೆ ನಿಮ್ಮ ಫಿಲ್ಟರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದೇ 0603 ಅಳತೆಯ ಮೇಲ್ಮೈ-ಜೋಡಣೆಯ ಕೆಪಾಸಿಟರ್‌ನಲ್ಲಿ ಇಂಡಕ್ಟೆನ್ಸ್ 1 ನ್ಯಾನೋಹೆನ್ರಿಗಿಂತ ಕಡಿಮೆಯಿದ್ದು, 900 ಮೆಗಾಹರ್ಟ್ಸ್‌ನಲ್ಲಿಯೂ ಕೆಲವೇ ಓಮ್ ತೋರಿಸುತ್ತದೆ. ಬೋರ್ಡ್ ಈಗಾಗಲೇ ಸಿದ್ಧವಾಗಿದ್ದರೆ ಇಂಥ ಪುಟ್ಟ ಕೆಪಾಸಿಟರನ್ನು ಆಪ್-ಆಂಪ್‌ನ ಪಿನ್ ಬುಡದಿಂದ ಪಕ್ಕದ ನೆಲದ ಟ್ರ್ಯಾಕ್‌ಗೆ ನೇರವಾಗಿ ಬೆಸುಗೆ ಹಾಕಬಹುದು. ಸಿ0ಜಿ, ಅಂದರೆ ಎನ್‌ಪಿ0 ಡೈಎಲೆಕ್ಟ್ರಿಕ್‌ನದನ್ನೇ ಆರಿಸಿ. ಎಕ್ಸ್7ಆರ್ ಬಗೆಯಲ್ಲಿ ವೋಲ್ಟೇಜ್ ಬದಲಾದಂತೆ ಕೆಪಾಸಿಟೆನ್ಸ್ ಬದಲಾಗುತ್ತದೆ, ಸಂಕೇತದ ದಾರಿಯಲ್ಲಿ ಅದೇ ವಿರೂಪತೆಗೆ ಮೂಲ.

ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲಿನ ಹಂತದಲ್ಲೂ ಇದೇ ಬಗೆಯ ಲೆಕ್ಕ ಬೇಕು. 10 ಕಿಲೋಓಮ್ ಪೊಟೆನ್ಷಿಯೋಮೀಟರ್‌ನ ಹೊರರೋಧ ನಟ್ಟನಡುವೆ 2.5 ಕಿಲೋಓಮ್‌ವರೆಗೆ ಹೋಗುತ್ತದೆ. ಅಲ್ಲಿ 1 ನ್ಯಾನೋಫ್ಯಾರಡ್ ಇದ್ದರೆ ಕತ್ತರಿಸುವ ಆವರ್ತನ ಸುಮಾರು 60 ಕಿಲೋಹರ್ಟ್ಸ್‌ಗೆ ಇಳಿದು, 20 ಕಿಲೋಹರ್ಟ್ಸ್‌ನಲ್ಲಿ ಹತ್ತಿರಹತ್ತಿರ ಅರ್ಧ ಡೆಸಿಬೆಲ್ ನಷ್ಟವಾಗುತ್ತದೆ, ಅದೂ ವಾಲ್ಯೂಮ್ ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತ. 220 ಪಿಕೋಫ್ಯಾರಡ್ ಹಾಕಿದರೆ ಆ ಚಿಂತೆಯಿಲ್ಲ.

ಈಗ ಹೆಚ್ಚಿನವರ ಗಮನಕ್ಕೆ ಬಾರದ ದಾರಿ: ಔಟ್‌ಪುಟ್. ಆಪ್-ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಸೊನ್ನೆಗೆ ಸಮೀಪ ಎಂದು ನಾವು ಕಲಿತಿರುತ್ತೇವೆ, ಆದರೆ ಅದನ್ನು ಹಾಗೆ ಇರಿಸುವುದು ಫೀಡ್‌ಬ್ಯಾಕ್. ರೇಡಿಯೋ ಆವರ್ತನದಲ್ಲಿ ಫೀಡ್‌ಬ್ಯಾಕ್ ಇಲ್ಲದ್ದರಿಂದ, ಒಂದೂವರೆ ಮೀಟರ್‌ನ ಹೆಡ್‌ಫೋನ್ ತಂತಿ ಹಿಡಿದು ತಂದ ತರಂಗಕ್ಕೆ ಅಲ್ಲಿ ತಡೆಯೇ ಸಿಗುವುದಿಲ್ಲ. ಅದು ಫೀಡ್‌ಬ್ಯಾಕ್ ಜಾಲದ ಮೂಲಕ ಹಿಂದಕ್ಕೆ ಹೋಗಿ ಋಣ ಇನ್‌ಪುಟ್ ತಲುಪುತ್ತದೆ. ರೇಡಿಯೋ ಅಡಚಣೆ ತಡೆಯಲೆಂದೇ ಫೀಡ್‌ಬ್ಯಾಕ್ ರೆಸಿಸ್ಟರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಹಾಕುವ ರೂಢಿ ಇದೆ. 900 ಮೆಗಾಹರ್ಟ್ಸ್‌ನಲ್ಲಿ ಆ ಕೆಪಾಸಿಟರ್ 2 ಓಮ್‌ಗಿಂತ ಕಡಿಮೆ, ಅಂದರೆ ಔಟ್‌ಪುಟ್‌ನಿಂದ ಋಣ ಇನ್‌ಪುಟ್‌ಗೆ ನೇರ ಸೇತುವೆ. ನಿಮ್ಮ ಫೋನೋ ಹಂತದಲ್ಲಂತೂ ಆರ್‌ಐಎಎ ಜಾಲದ ನ್ಯಾನೋಫ್ಯಾರಡ್‌ಗಟ್ಟಲೆ ಕೆಪಾಸಿಟರ್‌ಗಳು ಅದೇ ಜಾಗದಲ್ಲಿವೆ. ಆ ಕೆಪಾಸಿಟರ್‌ಗಳು ಬೇಡವೆಂದಲ್ಲ. ಸ್ಥಿರತೆಗೂ ತಿದ್ದುಪಡಿಗೂ ಅವು ಬೇಕೇ ಬೇಕು. ಅವುಗಳಿಂದ ರೇಡಿಯೋ ಅಡಚಣೆಗೆ ರಕ್ಷಣೆ ಸಿಗುತ್ತದೆ ಎಂದು ನಂಬಬಾರದು, ಅಷ್ಟೇ.

ಫೋನೋ ಹಂತದ ಔಟ್‌ಪುಟ್‌ಗೆ, ಫೀಡ್‌ಬ್ಯಾಕ್ ತೆಗೆದುಕೊಂಡ ಬಿಂದುವಿನ ಆಚೆಗೆ, 47ರಿಂದ 100 ಓಮ್‌ನ ರೆಸಿಸ್ಟರ್ ಹಾಕಿ. ಕೇಬಲ್‌ನ ಕೆಪಾಸಿಟೆನ್ಸ್‌ನಿಂದ ಆಪ್-ಆಂಪ್ ಅಸ್ಥಿರವಾಗುವುದನ್ನೂ ಅದು ತಪ್ಪಿಸುತ್ತದೆ. ಹೆಡ್‌ಫೋನ್ ಔಟ್‌ಪುಟ್‌ಗೆ ಇದು ಹೊಂದುವುದಿಲ್ಲ. 32 ಓಮ್‌ನ ಹೆಡ್‌ಫೋನ್‌ಗೆ 47 ಓಮ್ ಸರಣಿಯಲ್ಲಿ ಬಂದರೆ, ಅದರ ಇಂಪಿಡೆನ್ಸ್ ಆವರ್ತನದೊಂದಿಗೆ ಏರಿಳಿದಂತೆ ಧ್ವನಿಯ ಸಮತೋಲನವೂ ಏರುಪೇರಾಗುತ್ತದೆ. ಬೋರ್ಡಿನ ಮೇಲಿನ ಪುಟ್ಟ ಬೀಡ್ ಕೂಡ ಇಲ್ಲಿ ಒಳ್ಳೆಯದಲ್ಲ, ಹೆಡ್‌ಫೋನ್‌ನ ಪ್ರವಾಹವೆಲ್ಲ ಅದರಲ್ಲಿ ಹರಿದು ಫೆರೈಟ್‌ನ ವಿರೂಪತೆ ಸಂಕೇತಕ್ಕೆ ಸೇರುತ್ತದೆ. ಇಡೀ ಕೇಬಲ್ಲನ್ನು ಫೆರೈಟ್ ಕ್ಲಿಪ್ಪಿನೊಳಗಿಂದ ಎರಡು ಮೂರು ಸುತ್ತು ಹಾಯಿಸುವುದು ಲೇಸು. ಎಡ, ಬಲ ಮತ್ತು ಹಿಂತಿರುಗುವ ತಂತಿಗಳ ಪ್ರವಾಹಗಳ ಮೊತ್ತ ಸೊನ್ನೆಯಾದ್ದರಿಂದ ಸಂಗೀತದ ಕಾಂತಕ್ಷೇತ್ರ ಫೆರೈಟ್‌ನಲ್ಲಿ ಉಂಟಾಗುವುದೇ ಇಲ್ಲ. ಮೂರೂ ತಂತಿಗಳಲ್ಲಿ ಒಂದೇ ದಿಕ್ಕಿನಲ್ಲಿ ಹರಿಯುವ ರೇಡಿಯೋ ಪ್ರವಾಹಕ್ಕೆ ಮಾತ್ರ ಅದು ತಡೆಯೊಡ್ಡುತ್ತದೆ. ಹೊಸ ಬೋರ್ಡ್ ಮಾಡುವುದಾದರೆ ಋಣ ಪಿನ್‌ಗೆ ತಾಗಿಕೊಂಡೇ 100ರಿಂದ 220 ಓಮ್‌ನ ರೆಸಿಸ್ಟರ್‌ಗೆ ಜಾಗ ಬಿಡಿ. ಪಿನ್‌ನ ಕೆಲವು ಪಿಕೋಫ್ಯಾರಡ್‌ಗಳ ಜೊತೆ ಸೇರಿ ಅದು ನೂರು ಮೆಗಾಹರ್ಟ್ಸ್‌ಗಳ ಮೇಲೆ ಸ್ವಲ್ಪ ತಡೆ ಕೊಡುತ್ತದೆ, 10 ಮೆಗಾಹರ್ಟ್ಸ್‌ನ ಆಪ್-ಆಂಪ್‌ನ ಸ್ಥಿರತೆಗೆ ಧಕ್ಕೆಯಾಗುವುದಿಲ್ಲ. ಋಣ ಪಿನ್‌ನಿಂದ ನೆಲಕ್ಕೆ ನೇರವಾಗಿ ಕೆಪಾಸಿಟರ್ ಹಾಕುವ ಕೆಲಸಕ್ಕೆ ಮಾತ್ರ ಹೋಗಬೇಡಿ, ಅದು ಆಂದೋಲನಕ್ಕೆ ಆಹ್ವಾನ.

ಕೇಬಲ್‌ನ ಶೀಲ್ಡ್ (ತಂತಿಯನ್ನು ಸುತ್ತಿದ ಲೋಹದ ಹೊದಿಕೆ) ಎಲ್ಲಿ ಸೇರುತ್ತದೆ ಎಂಬುದೂ ಇಷ್ಟೇ ಮುಖ್ಯ. ಶೀಲ್ಡ್ ಹಿಡಿದ ರೇಡಿಯೋ ಪ್ರವಾಹ ಲೋಹದ ಪೆಟ್ಟಿಗೆಯನ್ನು ಜ್ಯಾಕ್ ಬಳಿಯೇ ಸೇರಿ ಹೊರಗೇ ಉಳಿಯಬೇಕು. ಅದನ್ನು ತಂತಿಯಲ್ಲಿ ಒಳಗೆ ಎಳೆದು ಬೋರ್ಡಿನ ಸಿಗ್ನಲ್ ಗ್ರೌಂಡ್‌ಗೆ ಕಟ್ಟಿದರೆ, ಆ ಪ್ರವಾಹವೆಲ್ಲ ನಿಮ್ಮ ಆಪ್-ಆಂಪ್‌ನ ಆಧಾರಬಿಂದುವಿನ ಮೂಲಕವೇ ಹರಿಯುತ್ತದೆ, ಆಗ ಇನ್‌ಪುಟ್‌ನ ಫಿಲ್ಟರ್ ಕೂಡ ತರಂಗವನ್ನು ನೆಲದಿಂದ ಪಿನ್‌ಗೆ ತಂದುಕೊಡುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ ಅವರು 1990ರ ದಶಕದ ಮಧ್ಯದಲ್ಲಿ ‘ಪಿನ್ 1 ಸಮಸ್ಯೆ’ (ವೃತ್ತಿಪರ ಎಕ್ಸ್‌ಎಲ್‌ಆರ್ ಜ್ಯಾಕ್‌ನಲ್ಲಿ ಶೀಲ್ಡ್ ಸೇರುವುದು ಪಿನ್ 1ಕ್ಕೆ) ಎಂದು ಕರೆದು ವೃತ್ತಿಪರ ಆಡಿಯೋ ಲೋಕದ ಕಣ್ಣು ತೆರೆಸಿದ್ದು ಈ ದೋಷದ ಬಗ್ಗೆಯೇ; ಮುಂದೆ 2005ರಲ್ಲಿ ಬಂದ, ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಎಇಎಸ್48 ಮಾನದಂಡ ಶೀಲ್ಡ್ ಪೆಟ್ಟಿಗೆಗೇ ಸೇರಬೇಕೆಂದು ವಿಧಿಸಿತು. ನಿಮ್ಮಲ್ಲಿ ಪೆಟ್ಟಿಗೆಯಿಂದ ಬೇರ್ಪಡಿಸಿದ ಆರ್‌ಸಿಎ ಜ್ಯಾಕ್‌ಗಳಿದ್ದು, ಹಮ್ ಭಯದಿಂದ ಅವನ್ನು ಹಾಗೇ ಉಳಿಸಿಕೊಳ್ಳಬೇಕೆಂದಿದ್ದರೆ, ಪ್ರತಿ ಜ್ಯಾಕ್‌ನ ಹೊರಬಳೆಯಿಂದ ಪೆಟ್ಟಿಗೆಗೆ 10 ನ್ಯಾನೋಫ್ಯಾರಡ್‌ನ ಮೇಲ್ಮೈ-ಜೋಡಣೆಯ ಕೆಪಾಸಿಟರ್ ಹಾಕಿ. 50 ಹರ್ಟ್ಸ್‌ಗೆ ಅದು ನೂರಾರು ಕಿಲೋಓಮ್, ರೇಡಿಯೋ ತರಂಗಕ್ಕೆ ಓಮ್‌ಗಳ ಲೆಕ್ಕ. ಪ್ಲಾಸ್ಟಿಕ್ ಪೆಟ್ಟಿಗೆಯಾಗಿದ್ದರೆ ಮೊದಲು ಲೋಹದ್ದಕ್ಕೆ ಬದಲಿಸಿ. ವಿದ್ಯುತ್ ಪೂರೈಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಪ್ರತಿ ಆಪ್-ಆಂಪ್‌ನ ಎರಡೂ ಪೂರೈಕೆ ಪಿನ್‌ಗಳ ಬಳಿ 100 ನ್ಯಾನೋಫ್ಯಾರಡ್, ಹೊರಗಿನ ಅಡಾಪ್ಟರ್ ಬಳಸುತ್ತಿದ್ದರೆ ಅದರ ತಂತಿ ಪೆಟ್ಟಿಗೆ ಸೇರುವಲ್ಲಿ ಒಂದು ಫೆರೈಟ್.

ಇಷ್ಟಾದ ಮೇಲೂ ಸದ್ದು ಉಳಿದರೆ ಚಿಪ್ ಬದಲಿಸುವ ಯೋಚನೆ ಮಾಡಿ. ಜೆಫೆಟ್ ಅಥವಾ ಸಿಮಾಸ್ (ಬೈಪೋಲಾರ್ ಅಲ್ಲದ ಟ್ರಾನ್ಸಿಸ್ಟರ್ ಬಗೆಗಳು) ಇನ್‌ಪುಟ್‌ನ ಆಪ್-ಆಂಪ್‌ಗಳು ಈ ವಿಷಯದಲ್ಲಿ ಸ್ವಭಾವತಃ ಗಟ್ಟಿ. ಅವುಗಳ ಪ್ರವಾಹ ಘಾತೀಯವಾಗಿ ಅಲ್ಲ, ವರ್ಗದ ನಿಯಮದಂತೆ ಬದಲಾಗುತ್ತದೆ. ಅಳತೆಗೋಲು 26 ಮಿಲಿವೋಲ್ಟಿನ ಬದಲು ವೋಲ್ಟ್ ಅಥವಾ ಅದರ ಒಂದು ದೊಡ್ಡ ಭಾಗ. ಹಳೆಯ ಟಿಎಲ್072 ಕೂಡ ಬೈಪೋಲಾರ್ ಚಿಪ್‌ಗಳಿಗಿಂತ ಈ ಒಂದು ವಿಷಯದಲ್ಲಿ ಮೇಲು, ಆದರೆ ಫೋನೋ ಹಂತಕ್ಕೆ ಅದರ ನಾಯ್ಸ್ ಜಾಸ್ತಿ. ಒಳಗೇ ಫಿಲ್ಟರ್ ಇರುವ ಒಪಿಎ1678 ಹೆಚ್ಚು ಹೊಂದುವ ಆಯ್ಕೆ. ಅತಿ ಕಡಿಮೆ ನಾಯ್ಸ್‌ನ, ಅತಿ ವೇಗದ ಬೈಪೋಲಾರ್ ಆಪ್-ಆಂಪ್‌ಗಳತ್ತ ಮನಸ್ಸು ಹರಿದರೆ ತಡೆಯಿರಿ: ಕಡಿಮೆ ನಾಯ್ಸ್‌ಗಾಗಿ ಇನ್‌ಪುಟ್‌ನ ರೋಧಗಳನ್ನೆಲ್ಲ ಕಿತ್ತುಹಾಕಿರುವುದರಿಂದ ಅವುಗಳ ಸಂಧಿಗೆ ರಕ್ಷಣೆ ಕಡಿಮೆ. ಸಾಕೆಟ್ ಮೇಲೆ ಅಡಾಪ್ಟರ್ ಬೋರ್ಡ್, ಅದರ ಮೇಲೆ ಹೊಸ ಚಿಪ್ ಎಂದು ಪೇರಿಸುವುದಂತೂ ಬೇಡವೇ ಬೇಡ. ಪ್ರತಿ ಪಿನ್‌ಗೆ ಸೇರುವ ಒಂದೆರಡು ಸೆಂಟಿಮೀಟರ್ ಲೋಹ ಆಂಟೆನಾ ಆಗುತ್ತದೆ, ಪೂರೈಕೆ ಪಿನ್ ಬಳಿಯ ಡೀಕಪ್ಲಿಂಗ್ ಕೆಪಾಸಿಟರ್ ದೂರವಾಗುತ್ತದೆ, ವೇಗದ ಚಿಪ್ ಮೆಗಾಹರ್ಟ್ಸ್‌ಗಳಲ್ಲಿ ಸದ್ದಿಲ್ಲದೆ ಆಂದೋಲಿಸತೊಡಗುತ್ತದೆ. ಹಾಗೆ ಆಂದೋಲಿಸುವ ಆಪ್-ಆಂಪ್ ಕೈ ಹತ್ತಿರ ಬಂದರೂ ಕೇಬಲ್ ಅಲುಗಿದರೂ ವರ್ತನೆ ಬದಲಿಸುವುದರಿಂದ, ಅದರ ಗೊರಗೊರ ಸದ್ದು ಹೊರಗಿನ ಅಡಚಣೆ ಎಂದೇ ಅನ್ನಿಸುತ್ತದೆ.

ಪ್ರತಿ ಬದಲಾವಣೆಯ ನಂತರ ಫೋನನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇಟ್ಟು, ಕರೆ ಮಾಡಿ ಕೇಳಿ. ನೆಟ್‌ವರ್ಕ್ ಸಿಗ್ನಲ್ ಚೆನ್ನಾಗಿದ್ದರೆ ಫೋನ್ ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ, 4ಜಿ ಜಾಲಕ್ಕೆ ಹೊರಳಿದರೆ 217 ಹರ್ಟ್ಸ್‌ನ ಲಯವೇ ಇರುವುದಿಲ್ಲ. ಆದ್ದರಿಂದ ಸದ್ದು ನಿಂತಿದ್ದು ಫಿಲ್ಟರ್‌ನಿಂದಲೋ ಫೋನ್ ಸುಮ್ಮನಾದದ್ದರಿಂದಲೋ ಎಂದು ಖಚಿತಪಡಿಸಿಕೊಳ್ಳಲು, ಫೋನನ್ನು 2ಜಿಗೆ ಸೀಮಿತಗೊಳಿಸಿ ಪರೀಕ್ಷಿಸಬೇಕು. ಸಿಗ್ನಲ್ ಜನರೇಟರ್ ಸಿಗುವಂತಿದ್ದರೆ ಇನ್ನೂ ಒಳ್ಳೆಯದು. 1 ಕಿಲೋಹರ್ಟ್ಸ್‌ನಿಂದ ಶೇಕಡಾ 80ರಷ್ಟು ಮಾಡ್ಯುಲೇಟ್ ಮಾಡಿದ ತರಂಗವನ್ನು ಕೇಬಲ್ ಸುತ್ತಿದ ಒಂದೆರಡು ಸುತ್ತು ತಂತಿಗೆ ಕೊಟ್ಟು, ಆವರ್ತನವನ್ನು ನಿಧಾನವಾಗಿ ಏರಿಸುತ್ತ ಹೋಗಿ, ಔಟ್‌ಪುಟ್‌ನ 1 ಕಿಲೋಹರ್ಟ್ಸ್ ಎಲ್ಲೆಲ್ಲಿ ಮೇಲೇಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ತರಂಗವನ್ನು 10 ಡೆಸಿಬೆಲ್ ಇಳಿಸಿದಾಗ ಆ ಸ್ವರ 20 ಡೆಸಿಬೆಲ್ ಇಳಿದರೆ, ನೀವು ಅಳೆಯುತ್ತಿರುವುದು ಇನ್‌ಪುಟ್ ಸಂಧಿಯ ರೆಕ್ಟಿಫಿಕೇಶನ್ನನ್ನೇ. 10 ಮಾತ್ರ ಇಳಿದರೆ, ಜನರೇಟರಿನ 1 ಕಿಲೋಹರ್ಟ್ಸ್ ಬೇರೆ ಯಾವುದೋ ದಾರಿಯಲ್ಲಿ ನೇರವಾಗಿ ಸೋರಿ ಬರುತ್ತಿದೆ, ಮೊದಲು ಅದನ್ನು ಹುಡುಕಿ.